ಚಲನೆ: ಸೊನ್ನೆ

ಊರಿನ ನೀರನ್ನೆಲ್ಲ ಅನುಮಾನಿಸುವುದೇ ಅವನ ಹೊಟ್ಟೆಪಾಡು. ನೀರು ಸರಬರಾಜು ಕಚೇರಿಯಲ್ಲಿ ಹದಿಮೂರು ವರ್ಷದಿಂದ ಪರೀಕ್ಷಕನಾಗಿದ್ದ. ಬೆಳಗಾದರೆ ವ್ಯಾನು ಹತ್ತುವುದು, ಮನೆ, ಶಾಲೆ, ಆಸ್ಪತ್ರೆ ಎನ್ನದೆ ನಲ್ಲಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರುವುದು, ಬಾಟಲಿ ತುಂಬಿಸಿ ಚೀಟಿ ಅಂಟಿಸುವುದು, ಮಧ್ಯಾಹ್ನದ ಮೇಲೆ ಆ ಬಾಟಲಿಗಳ ಗುಟ್ಟು ರಟ್ಟು ಮಾಡುವುದು. "ನಮ್ಮ ನೀರಿಗೇನಾಗಿದೆ ಸಾರ್, ಕನ್ನಡಿ ಇದ್ದ ಹಾಗಿದೆ" ಎಂದು ಯಾರಾದರೂ ಅಂದರೆ ಸಾಕು, ಅವನ ಎಡಹುಬ್ಬು ತಾನಾಗಿ ಮೇಲೇರುತ್ತಿತ್ತು. ಕನ್ನಡಿಯಂಥ ನೀರೇ ಅವನಿಗೆ ಹೆಚ್ಚು ಸಲ ಕೈಕೊಟ್ಟದ್ದು. ಕಚೇರಿಯಲ್ಲಿ ಎಲ್ಲರೂ ಅವನನ್ನು 'ಸ್ಯಾಂಪಲ್' ಎಂದೇ ಕರೆಯುತ್ತಿದ್ದರು, ಅದೂ ಬೆನ್ನ ಹಿಂದಲ್ಲ, ಮುಖಕ್ಕೆ ಮುಖ ಕೊಟ್ಟೇ.

ಅಂಥವನ ಕೈಗೆ ಗುರುವಾರ ಮಧ್ಯಾಹ್ನ ಅವನದೇ ವೀರ್ಯ ಪರೀಕ್ಷೆಯ ವರದಿ ಬಂತು.

ಏಳು ವರ್ಷದ ಮಗಳೊಬ್ಬಳಿದ್ದಳು. ಹುಟ್ಟಿದಾಗ ಅಂಗೈ ತುಂಬ ಇರಲಿಲ್ಲ ಅಂತ ಅವಳಿಗೆ 'ಜೀರಿಗೆ' ಎಂದು ಹೆಸರು ಬಿದ್ದು, ಈಗ ಮೊಣಕಾಲುದ್ದದ ಸಾಕ್ಸು ಹಾಕಿ ಶಾಲೆಗೆ ಹೋಗುವಾಗಲೂ ಜೀರಿಗೆಯೇ ಆಗಿದ್ದಳು. ಎರಡನೆಯದಕ್ಕೆ ಎರಡು ವರ್ಷದಿಂದ ಕಾದದ್ದಾಯಿತು. ಹೆಂಡತಿಯ ಪರೀಕ್ಷೆಗಳೆಲ್ಲ ಸರಿಯಾಗಿ ಬಂದ ಮೇಲೆ ಡಾಕ್ಟರು ಅವನ ಕಡೆ ತಿರುಗಿ, "ನಿಮ್ಮದೂ ಒಂದು ನೋಡಿಬಿಡೋಣ" ಅಂದಿದ್ದರು. ಮಂಗಳವಾರ ಬೆಳಿಗ್ಗೆ ಮನೆಯಲ್ಲೇ ಡಬ್ಬಿಯಲ್ಲಿ ಹಿಡಿದು, ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು, ಮುಕ್ಕಾಲು ಗಂಟೆಯಲ್ಲಿ ಲ್ಯಾಬಿಗೆ ಮುಟ್ಟಿಸಿ ಬಂದಿದ್ದ. ಮುಂದಿನ ಗುರುವಾರ ಇಬ್ಬರೂ ವರದಿ ಹಿಡಿದು ಡಾಕ್ಟರ ಮುಂದೆ ಕೂರಬೇಕಿತ್ತು.

ವ್ಯಾನಿನ ಡ್ರೈವರ್ ಚಹಾ ಕುಡಿಯಲು ಇಳಿದಿದ್ದ. ಹಿಂದಿನ ಸೀಟಿನಲ್ಲಿ ಬಾಟಲಿಗಳ ಪೆಟ್ಟಿಗೆಗಳ ನಡುವೆ ಕೂತು ಅವನು ಲಕೋಟೆ ಹರಿದ. ಅಂಕಿಗಳ ಎಡೆಯಲ್ಲೇ ಜೀವ ಸವೆಸಿದವನ ಕಣ್ಣು ಪದಗಳನ್ನು ಓದುವುದೇ ಇಲ್ಲ. ಪ್ರಮಾಣ, ಸಂಖ್ಯೆ, ಏನೇನೋ ಇದ್ದವು. ಕಣ್ಣು ಹೋಗಿ ನಿಂತದ್ದು ಎರಡು ಸೊನ್ನೆಗಳ ಮೇಲೆ.

ಚಲನೆ: 0%.

ಜೀವಂತ: 0%.

ಕಾಗದ ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಚುಕ್ಕಿ ಗಿಕ್ಕಿ ಅಳಿಸಿಹೋಗಿದೆಯೇನೋ ಅಂತ ಬೆರಳಲ್ಲಿ ಸವರಿಯೂ ನೋಡಿದ. ಸೊನ್ನೆ ಸೊನ್ನೆಯೇ. ಒಂದೂ ಮಿಸುಕಾಡುತ್ತಿಲ್ಲ, ಒಂದರಲ್ಲೂ ಉಸಿರಿಲ್ಲ. ತನ್ನೊಳಗೆ ಇಷ್ಟು ವರ್ಷ ಬರೀ ಹೆಣಗಳ ರಾಶಿಯೇ ಇತ್ತೇ ಎಂದು ಮೊದಲು ಅವಮಾನವಾಯಿತು. ಆ ಅವಮಾನ ಇನ್ನೂ ಗಂಟಲಿಳಿಯುವ ಮೊದಲೇ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂದು ನಿಂತಿತು.

ಹಾಗಾದರೆ ಜೀರಿಗೆ?

ಫೋನು ಬಡಿದುಕೊಂಡಿತು. ಹೆಂಡತಿ. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು.

"ಬಂತಾ?"

"ಏನು?"

"ನಿನ್ನ ಮಾರ್ಕ್ಸ್ ಕಾರ್ಡು. ಇವತ್ತು ಕೊಡ್ತೀನಿ ಅಂದಿದ್ರಲ್ಲ."

ಅವಳ ಹಿಂದೆ ಕಾರಿನ ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಿತ್ತು. ಇನ್ನೂ ಆಚೆ ಯಾರೋ ಗಂಡಸಿನ ದೊಡ್ಡ ದನಿ: "ಕ್ಲಚ್ಚು! ಕ್ಲಚ್ಚು ಒತ್ತೀ ಅಂದ್ರೆ!"

"ಇಲ್ಲ, ಇನ್ನೂ ಬಂದಿಲ್ಲ," ಅವನು ಕಾಗದವನ್ನು ತೊಡೆಯ ಕೆಳಗೆ ಸರಿಸಿಕೊಂಡ, ಅವಳು ಎದುರಿಗೇ ಇದ್ದಾಳೇನೋ ಎಂಬಂತೆ. "ಅವರ ಮಿಷಿನ್ ಕೆಟ್ಟಿದೆಯಂತೆ."

"ಅಯ್ಯೋ, ಮಿಷಿನ್ನೇ ಹೆದರಿಕೊಂಡಿತೇನೋ ನಿನ್ನ ಸ್ಯಾಂಪಲ್ ನೋಡಿ." ನಕ್ಕಳು. ಹತ್ತು ವರ್ಷದಲ್ಲಿ ಆ ನಗುವಿನ ಬಗ್ಗೆ ಅವನಿಗೆ ಏನೂ ಅನ್ನಿಸಿರಲಿಲ್ಲ. ಇವತ್ತು ಅನ್ನಿಸಿತು. ಇವಳಿಗೆ ಮೊದಲೇ ಗೊತ್ತಿರಬಹುದಾ?

ದೊಡ್ಡ ದನಿಯ ಆ ಗಂಡಸು ಹೆಂಡತಿಯ ಜೊತೆಗಾರ, ಅದೇ ಶಾಲೆಯ ಇನ್ನೊಬ್ಬ ಮಾಸ್ತರ. ದಿನವಿಡೀ ಅದೊಂದೇ ಮಾತು ಕೂಗಿ ಕೂಗಿ ಅವನ ಹೆಸರೇ ಕ್ಲಚ್ಚಣ್ಣ ಅಂತಾಗಿತ್ತು. ಇಬ್ಬರೂ ಒಟ್ಟಿಗೇ ಕಲಿಸುವ ಪರವಾನಗಿ ತೆಗೆದವರು. ಮದುವೆಯಾದ ಎರಡನೇ ವರ್ಷ ಬೇರೆ ಊರಿನಲ್ಲಿ ಹದಿನೈದು ದಿನದ ತರಬೇತಿ ನಡೆದಿತ್ತು. ಇಬ್ಬರೂ ಹೋಗಿದ್ದರು.

ಅನುಮಾನದ ಹುಳ ಒಮ್ಮೆ ತಲೆಹೊಕ್ಕರೆ ಅದಕ್ಕೆ ಹಗಲೂ ಇಲ್ಲ, ರಜೆಯೂ ಇಲ್ಲ. ಆ ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯಿಂದ ಜೀರಿಗೆಯನ್ನು ಕರೆತಂದು ಕೂರಿಸಿದ ಕೂಡಲೇ ಬೀರು ತೆಗೆದು ಹಳೇ ಕಾಗದಗಳ ಚೀಲ ಸುರಿದ. ತರಬೇತಿಯ ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ತಾರೀಖು ಇತ್ತು. ಗೋಡೆಯ ಕ್ಯಾಲೆಂಡರಿಗೆ ಎಂಟು ವರ್ಷದ ಹಿಂದಿನದು ಗೊತ್ತಿರುವುದಿಲ್ಲ. ಹಾಗಾಗಿ ಬೆರಳಲ್ಲೇ ವಾರಗಳನ್ನು ಎಣಿಸಿದ. ತರಬೇತಿ ಮುಗಿದ ಮೂವತ್ತೇಳನೇ ವಾರ ಜೀರಿಗೆ ಹುಟ್ಟಿದ್ದಳು.

ಮತ್ತೆ ಎಣಿಸಿದ. ಮೂವತ್ತೇಳೇ.

"ಅಪ್ಪಾ, ಇದು ಅಲ್ಲಾಡ್ತಿದೆ ನೋಡು." ಜೀರಿಗೆ ಮುಂದಿನ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದಳು. ಅವನು ಹಲ್ಲು ನೋಡಲಿಲ್ಲ. ಕಿವಿಯ ತುದಿ ನೋಡಿದ, ಮೂಗಿನ ಹೊಳ್ಳೆ ನೋಡಿದ, ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದ.

"ಹಲ್ಲು ಅಲ್ಲಿಲ್ಲಪ್ಪ," ಅಂದಳು ಜೀರಿಗೆ, "ಬಾಯಲ್ಲಿದೆ."

ಆಮೇಲೆ ಅವಳು ಚಿತ್ರ ಬರೆಯಲು ಕೂತಳು. ಎಡಗೈಯಲ್ಲಿ. ಹುಟ್ಟಿದಾರಭ್ಯ ಅವಳದು ಎಡಗೈಯೇ. ಆದರೆ ಅವನಿಗೆ ಆ ಎಡಗೈ ಅವತ್ತೇ ಮೊದಲ ಸಲ ಕಂಡ ಹಾಗಾಯಿತು. ಯಾರದಪ್ಪಾ ಈ ಎಡಗೈ? ನನ್ನದಲ್ಲ, ಇವಳ ಅಮ್ಮನದೂ ಅಲ್ಲ.

ಹೆಂಡತಿ ಬಂದಾಗ ಅವನು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಪಾತ್ರೆ ತೊಳೆಯುತ್ತಿದ್ದ.

"ಏನಾಯ್ತು ನಿಂಗೆ? ಇವತ್ತು ಯಾರ ಮನೆ ನಲ್ಲೀಲಿ ಹುಳ ಸಿಕ್ತು?"

"ಯಾರದೂ ಇಲ್ಲ."

"ಅದಕ್ಕೇ ಬೇಜಾರಾ?" ಎಂದು ಬೆನ್ನಿಗೊಂದು ಗುದ್ದು ಕೊಟ್ಟು ಒಳಗೆ ಹೋದಳು. ಗುದ್ದಿನಲ್ಲಿ ಎಂದಿನ ಸಲಿಗೆಯೇ ಇತ್ತು. ಆ ಸಲಿಗೆ ಎಂದಿಗಿಂತ ಒಂದು ಚೂರು ಹೆಚ್ಚೇನೋ ಎಂದು ಅವನು ತೂಗಿ ನೋಡಿದ.

ಶುಕ್ರವಾರ ವ್ಯಾನಿನಲ್ಲಿ ಅವನು ಸುಮ್ಮನೆ ಕೇಳಿದವನ ಹಾಗೆ ಡ್ರೈವರನ್ನು ಕೇಳಿದ: "ನಿನ್ನ ಮಗ ಯಾರ ಹಾಗಿದಾನೆ?"

"ನನ್ನ ಮಗನಾ? ಥೇಟ್ ನಮ್ಮತ್ತೆ. ಮೀಸೆ ಬಂದ ಮೇಲಂತೂ ಇನ್ನೂ ಹೋಲ್ತಾನೆ."

"ನಿನ್ನ ಹಾಗೆ ಇಲ್ವಾ?"

"ದೇವರು ದೊಡ್ಡವನು ಬಿಡು, ಇಲ್ಲ." ಡ್ರೈವರ್ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿದ. "ಯಾಕೆ ಸ್ಯಾಂಪಲ್ಲು, ಯಾರ ಮನೆ ವಿಚಾರ?"

"ಯಾರದೂ ಇಲ್ಲಪ್ಪ. ಹೀಗೇ ಕೇಳಿದೆ."

"ನೀನು ಹೀಗೇ ಅಂತ ನಲ್ಲಿ ಕೂಡ ತಿರುಗಿಸಲ್ಲ."

ಶನಿವಾರ ಜೀರಿಗೆಗೆ ಅರ್ಧ ದಿನ. ಶಾಲೆ ಬಿಟ್ಟ ಮೇಲೆ ಅವಳು ಅಮ್ಮನ ಡ್ರೈವಿಂಗ್ ಶಾಲೆಯ ಮೈದಾನದಲ್ಲೇ ಇರುತ್ತಿದ್ದಳು. ಕರೆದುಕೊಂಡು ಬರಲು ಹೋದವನು ಗೇಟಿನ ಹೊರಗೇ ನಿಂತುಬಿಟ್ಟ. ತಗಡಿನ ಬೇಲಿಯ ಸಂದಿಯಿಂದ ನೋಡಿದರೆ ಕಿತ್ತಳೆ ಬಣ್ಣದ ಶಂಕುಗಳ ನಡುವೆ ಹೆಂಡತಿಯ ಕಾರು ಹಿಂದಕ್ಕೆ ಹಿಂದಕ್ಕೆ ಬರುತ್ತಿತ್ತು. ಒಂದು ಶಂಕು ಬಿತ್ತು. ಒಳಗಿನಿಂದ ಅವಳ ದನಿ: "ಪರವಾಗಿಲ್ಲ, ಅದಕ್ಕೆ ಜೀವ ಇಲ್ಲ. ಮತ್ತೆ ತಗೊಳ್ಳಿ." ಮರದ ಬೆಂಚಿನ ಮೇಲೆ ಜೀರಿಗೆ, ಅವಳ ಪಕ್ಕದಲ್ಲಿ ಕ್ಲಚ್ಚಣ್ಣ. ಐವತ್ತರ ಹತ್ತಿರದ, ಬೊಜ್ಜಿನ, ಕಂಕುಳಲ್ಲಿ ಬೆವರಿನ ಕಲೆಯ ಮನುಷ್ಯ. ಯಾವುದೋ ಅರ್ಜಿಗೆ ಸಹಿ ಹಾಕುತ್ತಿದ್ದ. ಅವನೂ ಎಡಗೈಯಲ್ಲೇ.

ಬೇಲಿಯ ತಗಡು ಹಿಡಿದಿದ್ದ ಕೈ ಬಿಸಿಯಾದದ್ದು ಅವನಿಗೆ ಗೊತ್ತಾಗಲಿಲ್ಲ.

ಜೀರಿಗೆಯನ್ನು ಕರೆದುಕೊಂಡು ಮನೆಗೆ ಬಂದವನೇ ಕೈ ತೊಳೆದ. ಕೆಲಸದ ಚೀಲದಿಂದ ಪೊಟ್ಟಣದ ಹತ್ತಿಕಡ್ಡಿ ತೆಗೆದ, ನಲ್ಲಿಯ ಬಾಯಿ ಒರೆಸಿ ಪರೀಕ್ಷೆ ಮಾಡುವಂಥದ್ದು. ತಂದೆ ಯಾರೆಂದು ಹೇಳುವ ಲ್ಯಾಬಿನ ವಿಳಾಸ ಬೆಳಿಗ್ಗೆಯೇ ಬರೆದಿಟ್ಟುಕೊಂಡಿದ್ದ. ಅಂಚೆಯಲ್ಲಿ ಕಳಿಸಿದರೆ ಸಾಕಂತೆ.

"ಬಾಯಿ ತೆಗಿ ಪುಟ್ಟಾ."

"ಹಲ್ಲು ಕೀಳ್ತೀಯಾ?"

"ಇಲ್ಲ. ಹಲ್ಲು ಗಟ್ಟಿ ಇದೆಯಾ ನೋಡೋ ಪರೀಕ್ಷೆ."

ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲಿಸಿ, ಅವನ ಎರಡೂ ಮೊಣಕಾಲು ಹಿಡಿದು ನಿಂತಳು. ಅಷ್ಟು ನಂಬಿ ನಿಂತ ಮಗುವಿನ ಕೆನ್ನೆಯ ಒಳಗೆ ಕಡ್ಡಿ ಆಡಿಸುವಾಗ ಅವನ ಕೈ ಒಂದು ಗಳಿಗೆ ತಡೆಯಿತು. ತಡೆದದ್ದು ಅಷ್ಟೇ, ನಿಲ್ಲಲಿಲ್ಲ. ಕಡ್ಡಿಯನ್ನು ಕೊಳವೆಗೆ ಹಾಕಿದ, ತನ್ನ ಕೆನ್ನೆಯದೊಂದನ್ನೂ ಸೇರಿಸಿ ಲಕೋಟೆಗೆ ತುಂಬಿದ. ಹದಿಮೂರು ವರ್ಷದ ರೂಢಿ ಬಿಡಬೇಕಲ್ಲ, ಕಚೇರಿಯ ಚೀಟಿಯನ್ನೇ ಅಂಟಿಸಿ ಅದರ ಖಾನೆಗಳನ್ನೆಲ್ಲ ತುಂಬಿದ.

"ಪಾಸಾ?" ಎಂದು ಕೇಳಿದಳು ಜೀರಿಗೆ.

"ಆಮೇಲೆ ಗೊತ್ತಾಗುತ್ತೆ."

ಅಂಚೆ ಕಚೇರಿ ಮುಚ್ಚಿತ್ತು. ಭಾನುವಾರ ಹೇಗೂ ಇಲ್ಲ. ಲಕೋಟೆ ಚೀಲದಲ್ಲೇ ಉಳಿಯಿತು. ಸೋಮವಾರ ಕಳಿಸುವ ಮೊದಲು ಆ ವೀರ್ಯ ಪರೀಕ್ಷೆಯ ಲ್ಯಾಬಿನವರನ್ನು ಒಂದು ಕೈ ನೋಡಿಕೊಳ್ಳೋಣ ಅನ್ನಿಸಿತು. ಮನಸ್ಸಿನ ಒಂದು ಮೂಲೆಗೆ ಇನ್ನೂ ಆಸೆ. ತಪ್ಪು ಅವರದೇ ಆಗಿರಲಿ ಎಂಬ ಆಸೆ. ಅರ್ಧ ದಿನ ರಜೆ ಹಾಕಿ, ಚೀಲವನ್ನು ಮನೆಯಲ್ಲೇ ಬಿಟ್ಟು, ವರದಿಯನ್ನು ಜೇಬಿಗೆ ತುರುಕಿಕೊಂಡು ಹೊರಟ.

ಲ್ಯಾಬು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಾಯುವ ಕೋಣೆಯಲ್ಲಿ ಐದಾರು ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಎಲ್ಲರ ಕಣ್ಣೂ ಅವರವರ ಚಪ್ಪಲಿಯ ಮೇಲೆ. ಒಳಗಿನ ಮೇಜಿನ ಹಿಂದೆ ಲ್ಯಾಬಿನ ಹಿರಿಯಕ್ಕ. ನರೆತ ಜಡೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಯಾರ ಮುಲಾಜಿಗೂ ಬೀಳದ ಮುಖ.

ಅವನು ವರದಿಯನ್ನು ಮೇಜಿನ ಮೇಲೆ ಇಟ್ಟ. ಇಟ್ಟ ಅನ್ನುವುದಕ್ಕಿಂತ ಬಡಿದ.

"ಇದು ನಂದಲ್ಲ. ನಿಮ್ಮಲ್ಲಿ ಡಬ್ಬಿ ಅದಲುಬದಲಾಗಿದೆ."

"ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ."

"ನಿಂತೇ ಇರಿ ಹಾಗಾದ್ರೆ." ಅವಳು ಕನ್ನಡಕ ಏರಿಸಿದಳು. "ವಾರಕ್ಕೆ ಇಬ್ಬರಾದ್ರೂ ಬಂದು ಡಬ್ಬಿ ಅದಲುಬದಲಾಗಿದೆ ಅಂತಾರಪ್ಪ. ವರದಿ ಚೆನ್ನಾಗಿ ಬಂದಿದೆ, ಇದು ನಂದಲ್ಲ ಅಂತ ಇವತ್ತಿನವರೆಗೆ ಒಬ್ಬ ಗಂಡಸೂ ಬಂದಿಲ್ಲ."

ಅವನು ಕೂತ.

"ಪೂರ್ತಿ ಓದಿದ್ರಾ?"

"ಓದಿದೆ. ಸೊನ್ನೆ."

"ಸೊನ್ನೆ ಎರಡು ಸಾಲಲ್ಲಿದೆ. ಕಾಗದದಲ್ಲಿ ಹನ್ನೊಂದು ಸಾಲಿದೆ." ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತಟ್ಟುತ್ತಾ ಹೋದಳು. "ಪ್ರಮಾಣ ಎರಡು ಮುಕ್ಕಾಲು ಮಿಲಿ. ಒಂದೂವರೆ ಇದ್ರೆ ಸಾಕು, ನಿಮ್ಮದು ಧಾರಾಳ. ಸಂಖ್ಯೆ, ಒಂದು ಮಿಲಿಗೆ ಮೂರು ಕೋಟಿ. ಒಂದು ಕೋಟಿ ಅರವತ್ತು ಲಕ್ಷ ದಾಟಿದ್ರೆ ನಾವು ತಕರಾರು ಮಾಡಲ್ಲ. ಆಕಾರ, ನೂರಕ್ಕೆ ಐದು ಸರಿ ಇವೆ."

"ಬರೀ ಐದಾ?"

"ನಾಲ್ಕು ಬಂದ್ರೆ ಪಾಸು. ನೂರಕ್ಕೆ ನಾಲ್ಕು ತಗೊಂಡವರನ್ನ ಪಾಸು ಮಾಡೋ ಪರೀಕ್ಷೆ ಲೋಕದಲ್ಲಿ ಇದೊಂದೇ. ಗಂಡಸರಿಗೆ ಅಂತಾನೇ ಮಾಡಿರೋದು." ಮುಗುಳ್ನಗಲೂ ಇಲ್ಲ. "ಈಗ ನೋಡಿ, ಇಷ್ಟೊಂದು ಇವೆ, ಆಕಾರ ಸರಿ ಇದೆ. ಆದ್ರೆ ಒಂದೂ ಅಲ್ಲಾಡ್ತಿಲ್ಲ. ಅಲ್ಲಾಡದೇ ಇದ್ರೆ ನಾವು ಬಣ್ಣ ಹಾಕಿ ನೋಡ್ತೀವಿ. ಸತ್ತಿದ್ರೆ ಬಣ್ಣ ಕುಡಿಯುತ್ತೆ, ಬದುಕಿದ್ರೆ ಕುಡಿಯಲ್ಲ. ನಿಮ್ಮವು ಅಷ್ಟೂ ಕುಡಿದಿವೆ. ನೂರಕ್ಕೆ ನೂರು. ಅಪರೂಪಕ್ಕೆ ಕಾಯಿಲೆಯಿಂದಲೂ ಹೀಗಾಗುತ್ತೆ. ಆದ್ರೆ ಒಂದೂ ಬಿಡದೆ ಸತ್ತಿವೆ ಅಂದ್ರೆ ನಾನು ಮೊದಲು ಕೇಳೋದು, ಕೊಂದವರು ಯಾರು ಅಂತ. ಕೆಳಗೆ ಬರೆದಿದ್ದೀನಲ್ಲ."

ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ಸಂಗ್ರಹಿಸಿದ ವಿಧಾನ ಖಚಿತಪಡಿಸಿಕೊಂಡು ಮರುಪರೀಕ್ಷೆ ಮಾಡಿಸಿ. ಜನ ನೀರಿನ ವರದಿಯ ಕೆಳಸಾಲು ಓದುವುದಿಲ್ಲ ಎಂದು ವರ್ಷವಿಡೀ ಗೊಣಗುವವನು ಅವನು. ಮುಖ ಹುಳ್ಳಗಾಯಿತು.

ಹಿರಿಯಕ್ಕ ಪಟ್ಟಿ ಹಿಡಿದು ಶುರು ಮಾಡಿದಳು. ಎಷ್ಟು ದಿನ ಬಿಟ್ಟು ಹಿಡಿದಿರಿ? ನಾಲ್ಕು. ಸ್ವಲ್ಪವಾದರೂ ಚೆಲ್ಲಿತಾ? ಇಲ್ಲ. ಎಷ್ಟು ಹೊತ್ತಿನಲ್ಲಿ ತಂದಿರಿ? ನಲವತ್ತಾರು ನಿಮಿಷ. ಸೋಪು, ಎಣ್ಣೆ, ಕ್ರೀಮು? ಛೆ. ಒಂದೊಂದಕ್ಕೂ ಅವನು ಎದೆಯುಬ್ಬಿಸಿ ಉತ್ತರಿಸಿದ. ಈ ಪ್ರಶ್ನೆಗಳೆಲ್ಲ ಅವನ ಮನೆಯವೇ. ನೀರಿನ ವರದಿ ವಿಚಿತ್ರವಾಗಿ ಬಂದಾಗ ಅವನು ಹೊಸಬರಿಗೆ ಹೇಳಿಕೊಡುತ್ತಿದ್ದದ್ದೂ ಇದನ್ನೇ: ಮೊದಲು ಬಾಟಲಿಯನ್ನು ಅನುಮಾನಿಸು, ಆಮೇಲೆ ನಿನ್ನ ಕೈಯನ್ನು, ನೀರನ್ನು ಕಟ್ಟಕಡೆಗೆ.

"ನಾವು ಕೊಟ್ಟ ಡಬ್ಬೀಲೇ ತಾನೇ ಹಿಡಿದದ್ದು?"

"ಅದರಲ್ಲೇ. ಚೆನ್ನಾಗಿ ತೊಳೆದೇ ಹಿಡಿದೆ."

ಪೆನ್ನು ನಿಂತಿತು.

"ಏನಂದ್ರಿ?"

"ತೊಳೆದೆ. ಡಬ್ಬಿ ಮುಚ್ಚಳ ಸಡಿಲ ಇತ್ತು. ಯಾರು ಮುಟ್ಟಿದ್ರೋ ಏನೋ. ನಮ್ಮ ಕಚೇರೀಲಿ ಬಾಟಲಿ ತೊಳೆಯೋ ದ್ರಾವಣ ಮನೇಲೂ ಒಂದು ಸೀಸೆ ಇಟ್ಕೊಂಡಿದ್ದೀನಿ, ಮಗಳ ನೀರಿನ ಬಾಟಲಿಗೆ. ಅದನ್ನ ಹಾಕಿ ಕುಲುಕಿ, ಮೂರು ಸಲ ಬಿಸಿನೀರಲ್ಲಿ…" ಹೇಳುತ್ತಾ ಹೇಳುತ್ತಾ ಅವನ ದನಿ ತಾನಾಗಿ ಇಳಿಯಿತು.

"ಒಣಗಿಸಿದ್ರಾ?"

"ಕೊಡವಿದೆ."

ಹಿರಿಯಕ್ಕ ಕನ್ನಡಕ ಕಳಚಿ ಎದೆಯ ಮೇಲೆ ಬಿಟ್ಟಳು. "ಇಪ್ಪತ್ತಾರು ವರ್ಷ ಆಯ್ತಪ್ಪ ನನಗೆ ಇಲ್ಲಿ. ಚಹಾ ಲೋಟದಲ್ಲಿ ತಂದವರನ್ನ ನೋಡಿದ್ದೀನಿ. ಫ್ರಿಜ್ಜಲ್ಲಿಟ್ಟು ಮಾರನೇ ದಿನ ತಂದವರನ್ನ ನೋಡಿದ್ದೀನಿ. ಕ್ರಿಮಿನಾಶಕ ಹಾಕಿ ಮೂರು ಸಲ ತೊಳೆದವರು ನೀವೇ ಮೊದಲು. ಅವಕ್ಕೆ ಬರೀ ನೀರು ಸೋಕಿದ್ರೇ ಸಾಕು, ಪ್ರಾಣ ಹೋಗುತ್ತೆ. ನೀವು ಹಾಕಿದ ಮದ್ದಿಗೆ ಆನೆಯೂ ಉಳೀತಿರಲಿಲ್ಲ."

ಅವನು ವರದಿಯನ್ನು ಮಡಿಸಿ ಮತ್ತೆ ಜೇಬಿಗೆ ತುರುಕಿಕೊಂಡ.

"ಹಿಡಿದು ಆರು ದಿನ ಆಯ್ತಲ್ಲ? ಆಮೇಲೆ ಏನೂ ಇಲ್ಲ ತಾನೇ? ಹಾಗಾದ್ರೆ ಇವತ್ತೇ ಕೊಡಿ. ಆ ಕೋಣೆ ಇದೆ, ಈ ಡಬ್ಬಿ ಇದೆ. ಮುಚ್ಚಳ ಸಡಿಲ ಇದ್ರೂ ಮುಟ್ಟಬೇಡಿ, ತೊಳೀಬೇಡಿ, ಮೂಸಿ ಕೂಡ ನೋಡಬೇಡಿ. ಇನ್ನೊಂದು ಮಾತು. ಚೆನ್ನಾಗಿ ಬಂದ್ರೂ ಒಂದು ವರದಿ ಅಂದ್ರೆ ಒಂದು ದಿನದ ಸುದ್ದಿ ಅಷ್ಟೇ. ಜ್ವರ ಬಂದ್ರೆ ಇಳಿಯುತ್ತೆ, ನಿದ್ದೆಗೆಟ್ರೆ ಇಳಿಯುತ್ತೆ. ಒಂದನ್ನೇ ನೋಡಿ ಯಾರೂ ಏನೂ ತೀರ್ಮಾನ ಮಾಡಬಾರದು."

ಎರಡು ಗಂಟೆಯ ನಂತರ ಅವಳೇ ಅವನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ನೀರಿನಲ್ಲಿ ಏನಾದರೂ ಓಡಾಡುವುದು ಕಂಡರೆ ಬೆಚ್ಚಿಬೀಳುವ ಕಣ್ಣು ಅದು. ಇಲ್ಲಿ ಕಂಡದ್ದು ಸಂತೆ. ಕೆಲವು ನೆಟ್ಟಗೆ ಓಡುತ್ತಿದ್ದವು, ಕೆಲವು ನಿಂತಲ್ಲೇ ಸುತ್ತುತ್ತಿದ್ದವು, ಎಷ್ಟೋ ಸುಮ್ಮನೆ ಬಿದ್ದಿದ್ದವು.

"ನೂರಕ್ಕೆ ನಲವತ್ತೊಂಬತ್ತು ಓಡ್ತಿವೆ. ನಲವತ್ತೆರಡು ಸಾಕು. ಬಿದ್ದಿರೋದನ್ನ ನೋಡಿ ಗಾಬರಿಯಾಗಬೇಡಿ, ಎಲ್ಲರ ಮನೇಲೂ ಸೋಮಾರಿಗಳಿರ್ತಾರೆ."

ಮೆಟ್ಟಿಲಿಳಿಯುವಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಔಷಧಿ ಅಂಗಡಿಯವನಿಗೆ ಕಾರಣವಿಲ್ಲದೆ ನಕ್ಕ. ಬಸ್ಸಿನಲ್ಲಿ ವರದಿಯನ್ನು ನಾಲ್ಕು ಸಲ ಓದಿದ, ಈ ಸಲ ಕೆಳಸಾಲಿನ ಸಮೇತ. ಮನೆ ಇನ್ನು ಎರಡು ನಿಲ್ದಾಣ ಇರುವಾಗ ಲಕೋಟೆ ನೆನಪಾಯಿತು. ಹೋದ ಕೂಡಲೇ ಹರಿದು ಎಸೆಯಬೇಕು. ಯಾರಿಗೂ ಗೊತ್ತಿಲ್ಲ, ಯಾರಿಗೂ ನೋವಾಗಿಲ್ಲ, ಮುಗಿಯಿತು.

ಬಾಗಿಲು ತೆರೆದೇ ಇತ್ತು. ಹೆಂಡತಿ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಳು. ಮೇಜಿನ ಮೇಲೆ ಬೇರೇನೂ ಇರಲಿಲ್ಲ, ತಂದೆ ಯಾರೆಂದು ಹೇಳುವ ಲ್ಯಾಬಿನ ವಿಳಾಸವಿದ್ದ ಆ ಲಕೋಟೆ ಒಂದೇ.

"ಅಪ್ಪಾ!" ಜೀರಿಗೆ ಓಡಿಬಂದು ಅವನ ಕಾಲಿಗೆ ಕಟ್ಟಿಕೊಂಡಳು. "ಅಮ್ಮಂಗೆ ಹೇಳ್ದೆ, ಅಪ್ಪ ನನ್ನ ಬಾಯಿಗೆ ಹತ್ತಿ ಹಾಕಿ ಪರೀಕ್ಷೆ ಮಾಡ್ದ ಅಂತ. ಅಮ್ಮ ಆಗಿಂದ ಮಾತೇ ಆಡ್ತಿಲ್ಲ. ನಾನು ಫೇಲಾ?"

"ಇಲ್ಲ ಕಣೇ, ಪಾಸು, ನೀನು…"

"ಒಳಗೆ ಹೋಗು ಪುಟ್ಟಾ," ಅಂದಳು ಹೆಂಡತಿ. "ಎಡಗಡೆ ಪುಟ ಪೂರ್ತಿ ಬರೆದು ಮುಗಿಸು. ಬಾಗಿಲು ಹಾಕ್ಕೋ."

ಬಾಗಿಲು ಮುಚ್ಚಿತು. ಅವನು ಜೇಬಿನಿಂದ ಹೊಸ ವರದಿಯನ್ನು ತೆಗೆದು ಲಕೋಟೆಯ ಪಕ್ಕದಲ್ಲಿಟ್ಟ. ಅದೇ ಎಲ್ಲವನ್ನೂ ಹೇಳಲಿ ಎಂಬ ಧೈರ್ಯ. ಅವಳು ಓದಿದಳು. ನಿಧಾನವಾಗಿ, ಮೇಲಿನಿಂದ ಕೆಳಗಿನವರೆಗೆ, ಹನ್ನೊಂದೂ ಸಾಲು.

"ಚೆನ್ನಾಗಿದೆ. ತಾರೀಖು ಇವತ್ತಿಂದು. ಗುರುವಾರ ಬಂದದ್ದು ಎಲ್ಲಿ?"

ಅದನ್ನೂ ಕೊಟ್ಟ. ಅದನ್ನೂ ಓದಿದಳು. ಅವನು ಡಬ್ಬಿಯ ಕಥೆ ಹೇಳಿದ, ದ್ರಾವಣ, ಮೂರು ಸಲದ ಬಿಸಿನೀರು, ಹಿರಿಯಕ್ಕನ ಆನೆ. ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದು ನಗಬೇಕಾದ ಕಥೆ. ಅವಳು ಪೂರ್ತಿ ಕೇಳಿ ಲಕೋಟೆಯನ್ನು ಅವನ ಕಡೆ ತಿರುಗಿಸಿದಳು.

ಅವನದೇ ದುಂಡನೆಯ ಅಕ್ಷರ. ಸ್ಯಾಂಪಲ್ ಸಂಖ್ಯೆ: 1, 2. ಜಾಗ: ಕೆನ್ನೆಯ ಒಳಭಾಗ. ಶನಿವಾರ, ನಾಲ್ಕು ಇಪ್ಪತ್ತು. ಕೆಳಗೆ ಅವನ ಸಹಿ. ಕಚೇರಿಯ ಚೀಟಿಯಲ್ಲಿ ಸಂಗ್ರಹದ ಕಾರಣಕ್ಕೆ ಮೂರು ಚೌಕ ಇರುತ್ತವೆ: ದಿನವಹಿ, ದೂರು, ಅನುಮಾನ. ಕೈ ತನ್ನ ರೂಢಿಯಂತೆ ಮೂರನೆಯದಕ್ಕೆ ಗುರುತು ಹಾಕಿತ್ತು. ಹಾಕಿದ್ದು ಅವನಿಗೆ ನೆನಪೇ ಇರಲಿಲ್ಲ.

"ಯಾರ ಮೇಲೆ?" ಅವಳು ಕೇಳಿದಳು. "ಹೆಸರು ಬರೆಯೋ ಜಾಗ ಇಲ್ಲ ಇದರಲ್ಲಿ. ಅದಕ್ಕೇ ಕೇಳ್ತಿದ್ದೀನಿ."

"ತರಬೇತಿ… ಆ ಹದಿನೈದು ದಿನ… ವಾರ ಎಣಿಸಿದೆ. ಆಮೇಲೆ ಎಡಗೈ…"

"ಕ್ಲಚ್ಚಣ್ಣನಾ?" ಅವಳ ತುಟಿ ನಗುವಿನ ಕಡೆಗೆ ಹೊರಟು ಅಲ್ಲಿಗೆ ತಲುಪಲಿಲ್ಲ.

ಬೀರುವಿನಿಂದ ಅಂದು ತೆಗೆದ ಪ್ರಮಾಣಪತ್ರ ಅವನ ಕಣ್ಣ ಮುಂದೆ ಬಂತು. ಅದರ ಜೊತೆ, ಇಷ್ಟು ದಿನ ಬಾರದೇ ಇದ್ದ ಇನ್ನೊಂದೂ ಬಂತು. ಆ ತರಬೇತಿಯ ಎರಡನೇ ಭಾನುವಾರ ಅವನೇ ಅಲ್ಲಿಗೆ ಹೋಗಿದ್ದ. ಹೇಳದೆ ಕೇಳದೆ ಹೋಗಿ, ಕಡೇ ಬಸ್ಸು ತಪ್ಪಿಸಿಕೊಂಡು, ಅವಳ ಕೋಣೆಯ ಕಿರಿದಾದ ಮಂಚದ ಮೇಲೆ ಇಬ್ಬರೂ ಬೀಳದಂತೆ ಒಬ್ಬರನ್ನೊಬ್ಬರು ಹಿಡಿದು ಮಲಗಿದ್ದರು. ವಾರಗಳನ್ನೆಲ್ಲ ಬೆರಳಲ್ಲಿ ಎಣಿಸಿದವನು ಆ ಭಾನುವಾರವನ್ನು ಎಣಿಕೆಗೇ ತಂದಿರಲಿಲ್ಲ. ಅವಳಿಗೆ ಅದು ಖಂಡಿತ ನೆನಪಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ತನ್ನ ಪರವಾಗಿ ಒಂದು ಮಾತನ್ನೂ ಎತ್ತಲಿಲ್ಲ. ವಾದ ಮಾಡಿ ಗೆಲ್ಲುವ ಜಾಗಕ್ಕೆ ತನ್ನನ್ನು ತಂದು ನಿಲ್ಲಿಸಿದ್ದೇ ಅವಳಿಗೆ ಸಾಕಾಗಿತ್ತು.

"ನಾನು ಬಂದಿದ್ದೆ ಅಲ್ಲಿಗೆ," ಅವನೇ ಅಂದ. "ಎರಡನೇ ಭಾನುವಾರ."

"ಹೌದಾ."

"ತಪ್ಪಾಯ್ತು. ಈಗಲೇ ಹರಿದು ಬಿಸಾಕ್ತೀನಿ." ಲಕೋಟೆಗೆ ಕೈ ಹಾಕಿದ.

ಅವಳು ಅದರ ಮೇಲೆ ಅಂಗೈ ಇಟ್ಟಳು. "ಒಂದು ಕೇಳ್ತೀನಿ. ಸುಳ್ಳು ಹೇಳಬೇಡ. ಮಿಷಿನ್ ಕೆಟ್ಟಿದೆ ಅಂತ ಒಂದು ಹೇಳಿ ಆಗಿದೆ. ಇವತ್ತಿನ ಕಾಗದದಲ್ಲೂ ಸೊನ್ನೆ ಬಂದಿದ್ರೆ ಏನು ಮಾಡ್ತಿದ್ದೆ?"

ನಾಲಿಗೆಯ ತುದಿಯವರೆಗೆ ಬಂದ ಉತ್ತರ ಸುಲಭವಾಗಿತ್ತು: ನಿನ್ನನ್ನ ಕೇಳ್ತಿದ್ದೆ. ಅದನ್ನು ಹೇಳಲು ಬಾಯಿ ತೆರೆದ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು, ಕಲಿಯುವವನು ಬ್ರೇಕು ಒತ್ತುತ್ತಾನೋ ಇಲ್ಲವೋ ಎಂದು ಕೊನೇ ಗಳಿಗೆಯವರೆಗೆ ಕಾಯುವ ನೋಟ.

"ಅಂಚೆಗೆ ಹಾಕ್ತಿದ್ದೆ," ಎಂದ.

ಅವಳು ತಲೆಯಾಡಿಸಿದಳು. ಇಷ್ಟು ಹೊತ್ತಿನಲ್ಲಿ ಅವಳಿಗೆ ಒಪ್ಪಿಗೆಯಾದ ಮಾತು ಅದೊಂದೇ ಇರಬೇಕು. ಎದ್ದು, ಲಕೋಟೆಯನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು. ಎರಡು ವರದಿಗಳನ್ನೂ ಮಡಿಸಿ ಅವನ ಮುಂದೆ ಇಟ್ಟಳು.

"ಗುರುವಾರ ಡಾಕ್ಟರ ಹತ್ರ ಹೋಗೋದು ಬೇಡ. ಎರಡನೇದು ಬೇಡ."

"ವರದಿ ಚೆನ್ನಾಗಿ…"

"ನಿಮ್ಮ ವರದಿ ಚೆನ್ನಾಗಿದೆ," ಎಂದಳು. ಹತ್ತು ವರ್ಷದಲ್ಲಿ ಅವಳು ಅವನಿಗೆ 'ನೀವು' ಅಂದದ್ದಿಲ್ಲ. ಮೈದಾನಕ್ಕೆ ಬರುವ ಅಪರಿಚಿತರಿಗೆ ಅನ್ನುವ ಹಾಗೆ, ಕೋಪವೇ ಇಲ್ಲದೆ, ಮರ್ಯಾದೆಯಿಂದ ಅಂದಳು. "ಇನ್ನೊಂದು ಹುಟ್ಟಿದ್ರೆ ಅದರ ಕಿವಿ, ಮೂಗು, ಕೈ ಎಲ್ಲ ನೀವು ನೋಡ್ತೀರಿ. ನೀವು ನೋಡೋದನ್ನ ನಾನು ನೋಡ್ತಾ ಕೂರಬೇಕು. ಜೀರಿಗೆಗೆ ಅದು ಗೊತ್ತಾಗಲಿಲ್ಲ, ನನ್ನ ಪುಣ್ಯ."

"ಎಷ್ಟು ದಿನ?"

"ಗೊತ್ತಿಲ್ಲ."

ಅಷ್ಟರಲ್ಲಿ ಒಳಗಿನಿಂದ ಜೀರಿಗೆ ಪುಟ ಮುಗಿಯಿತೆಂದು ಕೂಗಿದಳು. ಹೆಂಡತಿ ಎದ್ದು ಹೋದಳು. ಅವನು ಮೇಜಿನ ಮೇಲಿನ ಕಾಗದಗಳನ್ನು ನೋಡುತ್ತಾ ನಿಂತ. ನಲವತ್ತೊಂಬತ್ತು, ಸೊನ್ನೆ.

ಮರುದಿನ ಬೆಳಿಗ್ಗೆ ಶಾಲೆಯೊಂದರ ಟ್ಯಾಂಕಿನ ಹತ್ತಿರ ವ್ಯಾನು ನಿಂತಾಗ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದ. ಗುರುವಾರ ಹನ್ನೊಂದು ಗಂಟೆಯದನ್ನು ರದ್ದು ಮಾಡಬೇಕಿತ್ತು ಎಂದ.

"ಯಾಕೆ ಸಾರ್, ವರದಿ ಬರಲಿಲ್ವಾ?" ಸ್ವಾಗತಕಾರಿಣಿಯ ಲವಲವಿಕೆಯ ದನಿ.

"ಬಂದಿದೆ."

"ಚೆನ್ನಾಗಿಲ್ವಾ? ಹೆದರ್ಕೋಬೇಡಿ ಸಾರ್, ಈಗ ಎಲ್ಲದಕ್ಕೂ ದಾರಿ ಇದೆ."

"ವರದಿ ಚೆನ್ನಾಗೇ ಇದೆ."

"ಮತ್ತೆ?"

ಮುಂದಿನ ಸೀಟಿನಲ್ಲಿ ಡ್ರೈವರ್ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದ. ತಮಾಷೆಗೆ ತೆರೆದ ಬಾಯಿ ಅವನ ಮುಖ ಕಂಡು ಹಾಗೇ ಮುಚ್ಚಿತು.

"ಹಲೋ? ಮುಂದಿನ ತಾರೀಖು ಯಾವತ್ತು ಬರ್ಕೊಳ್ಳಲಿ ಸಾರ್?"

"ಅವಳು ಹೇಳಿದ ಮೇಲೆ," ಎಂದ. ಆ ಕಡೆಯಿಂದ ಏನೂ ಕೇಳಿಸದಿದ್ದಾಗ ಮತ್ತೊಮ್ಮೆ ಹೇಳಿದ, "ಹೇಳಿದರೆ."